ಗುಳಿಗೆ ನುಂಗುವ ಮುಂಚೆ

ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಳ್ಳುತ್ತಲೇ ಬೆಟ್ಟಯ್ಯ ಹರದನಹಳ್ಳಿಯಲ್ಲಿ ಬಸ್ಸಿನ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹತ್ತಿಬಿಟ್ಟ. ಹತ್ತಿದ ಮೇಲೆ ತಾನು ಹತ್ತಿದ ಪರಿ ಹೊಳೆದು ಅವನಿಗೇ ನಗು ಬಂತು. ಆಷಾಢದಲ್ಲಿ ಇದೇ ಮೆಟ್ಟಿಲ ಮುಂದೆ ಕಂಬಿ ಹಿಡಿದು ನಿಂತಿದ್ದ. ಮಂಡಿ ಮಡಚಲು ಬರದೆ, ಬೆರಳು ಬಿಗಿಯಲು ಬರದೆ, ಹಿಂದಿದ್ದವರ ಕೈಯಲ್ಲಿ 'ಅತ್ತಪ್ಪೋ, ಇಲ್ಲಾಂದ್ರ ದಾರಿ ಬುಡು' ಎನ್ನಿಸಿಕೊಂಡಿದ್ದ. ಕೊನೆಗೆ ಯಾರೋ ಹೆಂಗಸು ಸೊಂಟಕ್ಕೆ ಕೈಕೊಟ್ಟು ಮೂಟೆ ನೂಕುವ ಹಾಗೆ ಮೇಲಕ್ಕೆ ನೂಕಿದ್ದಳು. ಆ ಕೈಯ ಒತ್ತು ಇವತ್ತಿಗೂ ಸೊಂಟದಲ್ಲಿದೆ. ಈಗ ನೋಡಲಿ ಆ ಹೆಂಗಸು! ಬಸ್ಸೆಲ್ಲ ಕಣ್ಣಾಡಿಸಿದ. ಸಿಕ್ಕಿದ್ದರೆ ತಾಯೀ ನೋಡು ನನ್ನ ಮಂಡಿ ಎಂದು ಅಲ್ಲೇ ಬಸ್ಕಿ ಹೊಡೆದು ತೋರಿಸುತ್ತಿದ್ದನೋ ಏನೋ. ಸೀಟು ಖಾಲಿ ಇದ್ದರೂ ಕೂರಲಿಲ್ಲ. ಕೂತರೆ ಒಳಗಿನದೆಲ್ಲ ಉಕ್ಕಿ ಚೆಲ್ಲಿಬಿಡುತ್ತದೆ ಅನ್ನಿಸಿ ಬಾಗಿಲ ಬಳಿಯೇ ನಿಂತು ಕಂಕುಳಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡ. ಚೀಲದಲ್ಲಿ ಅಕ್ಕನಿಗೆ ಗೌರಿ ಬಾಗಿನ: ಸೀರೆ, ಬಳೆ, ಅರಿಶಿನ ಕುಂಕುಮ, ತೆಂಗಿನಕಾಯಿ. ಹೊಸ ಮೊರ ಹಿಡಿಸದೆ ಅರ್ಧ ಹೊರಗೇ ಇತ್ತು. ಗೌರಿ ಹಬ್ಬಕ್ಕೆ ಬೇಗೂರಿಗೆ ಹೋಗಿ ಅಕ್ಕನ ಕೈಗೆ ಬಾಗಿನ ಕೊಟ್ಟು ಬರುವುದು ತವರಿನವನ ಕೆಲಸ. ಹೋದ ವರ್ಷವೂ ಹೋಗಿದ್ದ, ಅದರ ಹಿಂದಿನ ವರ್ಷವೂ ಹೋಗಿದ್ದ. ಬಾಗಿನ ಕೊಟ್ಟು, ಹೇಳಬೇಕಾದ ಮಾತನ್ನು ಮಾತ್ರ ಹಾಗೇ ವಾಪಸು ತಂದಿದ್ದ.

ಮಾತೇನು ಉದ್ದದ್ದಲ್ಲ. ಶಿವರಂಜಿನಿಯನ್ನು ಮಂಟೇಸ್ವಾಮಿಗೆ ಕೊಡುವುದಿಲ್ಲ, ಅಷ್ಟೇ. ಶಿವರಂಜಿನಿ ಅವನ ಒಬ್ಬಳೇ ಮಗಳು. ಮಂಟೇಸ್ವಾಮಿ ಅಕ್ಕ ಸೋಮಮ್ಮನ ಮಗ. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅಕ್ಕ ಮಗುವಿನ ಕಾಲಿಗೆ ಬೆಳ್ಳಿ ಗೆಜ್ಜೆ ತೊಡಿಸಿ, 'ಇವ್ಳು ನನ್ ಸೊಸ ಕನ್ರವ್ವ, ಬ್ಯಾರೆ ಯಾರೂ ಕಣ್ಣಾಕ್‌ಬ್ಯಾಡಿ' ಎಂದಿದ್ದಳು. ನೆರೆದವರೆಲ್ಲ ನಕ್ಕಿದ್ದರು. ಬೆಟ್ಟಯ್ಯನೂ ನಕ್ಕು, 'ಆಯ್ತು ಬುಡಕ್ಕ' ಎಂದಿದ್ದ. ಸೋದರಿಕೆಯ ಮಾತು ಅಂದರೆ ಹಾಗೆ. ತೊಟ್ಟಿಲ ಹತ್ತಿರ ನಕ್ಕವನು ಚಪ್ಪರ ಹಾಕುವ ಹೊತ್ತಿಗೆ ಒಲ್ಲೆ ಅನ್ನುವಂತಿಲ್ಲ. ಆ 'ಆಯ್ತು ಬುಡಿ' ಅವನ ಬಾಯಿಗೆ ಅಂಟಿಕೊಂಡೇ ಹುಟ್ಟಿದ್ದು. ಕರೆಂಟ್ ಆಫೀಸಿನ ಮೀಟರ್ ರೀಡರ್ ಅವನು. ಊರೂರು ಅಲೆದು ಬಿಲ್ಲು ಬರೆದುಕೊಟ್ಟರೆ, ನಿನ್ ಕೈಗೆ ಗ್ರಾಚಾರ ಬಡ್ದದ ಎಂದು ಬೈದವರಿಗೂ ಆಯ್ತು ಬುಡಿ, ನಾಯಿ ಛೂಬಿಟ್ಟು ಬಾಗಿಲ ಸಂದಿಯಲ್ಲಿ ಕಿಸಿದವರಿಗೂ ಆಯ್ತು ಬುಡಿ. ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಭಾವನ್ನ ಮದ್ವೆ ಆಗಕ್ಕೆ ನಂಗಿಷ್ಟ ಇಲ್ಲಪ್ಪ, ನಾನು ಟೀಚರ್ ಆಗ್ತೀನಿ ಎಂದು ನೆಲ ನೋಡುತ್ತ ಹೇಳಿದಾಗ ಅವಳಿಗೂ, ಆಯ್ತು ಬುಡು ಮಗ. ಎರಡು ಕಡೆಗೂ ಆಯ್ತು ಎಂದವನ ಪಾಡು ಏನಾಗಬೇಕೋ ಅದೇ ಆಗಿತ್ತು. ಈಗ ಮಗಳಿಗೆ ಚಾಮರಾಜನಗರದಲ್ಲಿ ಡಿ.ಎಡ್. ಸೀಟು ಸಿಕ್ಕಿದೆ, ಹಬ್ಬ ಮುಗಿದ ವಾರದಲ್ಲಿ ಸೇರಬೇಕು. ಆ ಕಡೆ ಅಕ್ಕ ದೀಪಾವಳಿ ಕಳೆದ ಕೂಡಲೆ ಲಗ್ನ ಇಡಿಸೋಣ ಎಂದು ಹೇಳಿಕಳಿಸಿದ್ದಾಳೆ.

ಆದರೆ ಈಗಿನ ಬೆಟ್ಟಯ್ಯ ಆ ಬೆಟ್ಟಯ್ಯನಲ್ಲ. ಈ ವರ್ಷ ಚಿಕೂನ್‌ಗುನ್ಯಾ ಜಿಲ್ಲೆಗೆ ಜಿಲ್ಲೆಯನ್ನೇ ಮಲಗಿಸಿತ್ತು. ಜ್ವರ ಬಿಟ್ಟರೂ ನೋವು ಬಿಡದೆ, ಗಟ್ಟಿಮುಟ್ಟು ಆಳುಗಳೆಲ್ಲ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಬೆಟ್ಟಯ್ಯನ ಬೆರಳುಗಳು ಪೆನ್ನು ಹಿಡಿಯದಾದವು. ಅಂಗಿಯ ಗುಂಡಿಯನ್ನು ಹೆಂಡತಿ ಮಂಗಳಗೌರಿ ಹಾಕುವಾಗ ಅವನು ಚಾವಣಿ ನೋಡುತ್ತಿದ್ದ. ಆಗ ಯಾರೋ ಹೇಳಿದರೆಂದು ಪೇಟೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೈಕಾಲು ನೋವು ಎಂದ. ಅಂಗಡಿಯವನು ತಲೆಯೆತ್ತಿಯೂ ನೋಡದೆ ಹಳೇ ಪೇಪರಿನ ಚೂರಿನಲ್ಲಿ ಒಂದು ಸೆಟ್ಟು ಕಟ್ಟಿಕೊಟ್ಟ: ಒಂದು ಕೆಂಪು, ಒಂದು ಹಳದಿ, ಎರಡು ಪುಟಾಣಿ ಬಿಳಿ ಗುಳಿಗೆ. ಬೆಳಿಗ್ಗೆ ನುಂಗಿದ. ಮಧ್ಯಾಹ್ನ ಊಟಕ್ಕೆ ಕೂತವನು ಕೈ ಊರದೆ ಎದ್ದ. ಎದ್ದು ನಿಂತು, ಅರೆ, ಎಂದು ಮತ್ತೆ ಕೂತು ಮತ್ತೆ ಎದ್ದ. ಮಂಗಳಗೌರಿ ಸೌಟು ಹಿಡಿದೇ ನಿಂತುಬಿಟ್ಟಳು. ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ಸೆಟ್ಟು ಮುಗಿದಂತೆ ಇನ್ನೊಂದು ಸೆಟ್ಟು. ನೋವು ಹೋದದ್ದು ಒಂದು ಮಾತಾದರೆ ಅದರ ಜಾಗಕ್ಕೆ ಬಂದದ್ದೇ ಬೇರೆ ಮಾತು. ಕೋಳಿ ಕೂಗುವ ಮೊದಲೇ ಎಚ್ಚರ. ಎದ್ದವನು ಹಿತ್ತಲ ಬೇಲಿ ಕಟ್ಟಿದ, ಪಾಚಿ ಹಿಡಿದ ತೊಟ್ಟಿ ಉಜ್ಜಿದ, ಹೆಂಡತಿಗೆ ಎಂದೂ ಹೇಳದ ಬಾಲ್ಯದ ಕತೆಗಳನ್ನೆಲ್ಲ ಹೇಳಿದ. ಮೊನ್ನೆ ಮೀಟರಿನ ಮುಂದೆ ಬೈದವನಿಗೆ, 'ಉರ್ಸೋದು ನೀನು, ಓಡೋದು ಮೀಟ್ರು, ಬೈಸ್ಕಳದು ಮಾತ್ರ ನಾನಾ?' ಎಂದು ಕೇಳಿಯೇಬಿಟ್ಟ. ಬೈದವನು ಕಕ್ಕಾಬಿಕ್ಕಿಯಾಗಿ ಕಾಫಿ ಕುಡಿಸಿ ಕಳಿಸಿದ್ದ. ಇಷ್ಟೇ ಇಷ್ಟು ಸಲೀಸಾಗಿತ್ತೇ ಇದು? ಇಷ್ಟು ವರ್ಷ ತಾನು ಯಾವ ಗೋಡೆಗೆ ಹೆದರಿ ಬಗ್ಗಿ ನಡೆದದ್ದು? ಮಂಗಳಗೌರಿ ಮಾತ್ರ ಪಕ್ಕದ ಮನೆಯವಳ ಹತ್ತಿರ, 'ಇವ್ರಿಗೇನೋ ಮೆಟ್ಕಂಡದ ಕನಕ್ಕ' ಎಂದದ್ದು ಗೋಡೆಯಾಚೆಯಿಂದ ಕೇಳಿಸಿತ್ತು. ಮೆಟ್ಟಿಕೊಂಡರೆ ಮೆಟ್ಟಿಕೊಳ್ಳಲಿ, ಇಂಥದ್ದು ಮೊದಲೇ ಮೆಟ್ಟಿಕೊಳ್ಳಬಾರದಿತ್ತೇ ಎಂದು ಅವನಿಗೆ ಖುಷಿಯೇ ಆಗಿತ್ತು.

ಬೆಳಿಗ್ಗೆ ಹೊರಡುವಾಗ ಶಿವರಂಜಿನಿ ಚೀಲಕ್ಕೆ ಮೊರ ತುರುಕುತ್ತಿದ್ದಳು. 'ಇವತ್ತು ಯೋಳ್ತೀನಿ ಕಣಮ್ಮಿ. ಬಾಗಿನ ಕೊಟ್ಟ ಕೂಡ್ಲೆ ಯೋಳ್ಬುಡ್ತೀನಿ' ಎಂದ. ಅವಳು ತಲೆಯೆತ್ತದೆ, 'ಓದ್ಸಲೂ ಇಂಗೇ ಅಂದಿದ್ದೆ ಕನಪ್ಪ' ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಹೇಳಿದ್ದು ಹಾಲಿನವನು ಇವತ್ತೂ ತಡ ಅನ್ನುವ ದನಿಯಲ್ಲಿ. ತನ್ನ ಮಾತಿಗೆ ಮಗಳು ಇಟ್ಟುಕೊಂಡ ಬೆಲೆ ಅದು. ಓದ್ಸಲಿನ ಅಪ್ಪ ಬೇರೆ, ಈ ಅಪ್ಪ ಬೇರೆ ಎಂದು ಅವಳ ತಲೆ ಸವರಿ ಆಣೆಯಿಟ್ಟ. ಆಗ ಅವಳು ಮುಖವೆತ್ತಿ ನೋಡಿದ್ದಳು. ನಂಬಬೇಕೆಂಬ ಆಸೆ, ನಂಬಿದರೆ ಕೆಟ್ಟೆ ಎಂಬ ಹೆದರಿಕೆ ಎರಡೂ ಆ ಕಣ್ಣಲ್ಲಿದ್ದವು. ಅಪ್ಪನ ಮುಖ ದುಂಡಗಾಗಿದೆಯಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ತೆರಕಣಾಂಬಿ ದಾಟುವಾಗ ಚೆಂಡುಹೂವಿನ ಹೊಲಗಳು ಬಂದವು. ಓಣಂ ಹತ್ತಿರವಾಗಿತ್ತು, ಹೂವು ಕೇರಳಕ್ಕೆ ಹೋಗುವ ಕಾಲ. ಪ್ರತಿ ವರ್ಷ ನೋಡಿದ್ದೇ. ಆದರೆ ಇವತ್ತು ಆ ಹಳದಿ ಕಣ್ಣಿನಿಂದ ಒಳಗೆ ನುಗ್ಗಿ ಎದೆಯವರೆಗೂ ಇಳಿಯಿತು. ಒಂದೊಂದು ಹೂವೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕಿತ್ತ ಹೂವನ್ನು ಹೆಂಗಸರು ಚೀಲಕ್ಕೆ ತುಂಬುತ್ತಿದ್ದರು, ಚೀಲದ ಬಾಯಿ ಹೊಲಿಯುತ್ತಿದ್ದವಳೊಬ್ಬಳು ಬಸ್ಸಿನತ್ತ ನೋಡಿ ನಕ್ಕಳು, ಅಥವಾ ಬಿಸಿಲಿಗೆ ಹಲ್ಲು ಬಿಟ್ಟಳು. ಬೆಟ್ಟಯ್ಯ ಕೈಬೀಸಿದ. ಪಕ್ಕದಲ್ಲಿದ್ದವನಿಗೆ, ನೋಡಿ ಸ್ವಾಮಿ ನಮ್ಮ ನೆಲ ಎಂಥದ್ದು, ಎಂದು ಶುರುಮಾಡಿ ಗುಂಡ್ಲುಪೇಟೆ ಬರುವವರೆಗೂ ಬಿಡಲಿಲ್ಲ. ಪಾಪ, ಆತ ನಿದ್ದೆ ಬಂದವನ ಹಾಗೆ ನಟಿಸಿ ಕೊನೆಗೆ ನಿಜಕ್ಕೂ ನಿದ್ದೆಹೋದ. ಅದು ಗೊತ್ತಾದಾಗ ಒಂದು ಕ್ಷಣ ಮೋರೆ ಬಿಸಿಯಾಯಿತು. ಅಷ್ಟರಲ್ಲಿ ಹಸಿವು ಬಂದು ಅವಮಾನವನ್ನು ಪಕ್ಕಕ್ಕೆ ತಳ್ಳಿತು. ಈ ಹಸಿವೂ ಹೊಸದೇ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದು ಮೇಲೆ ಇಡ್ಲಿ ಹೇಳಿದ. ಎದುರಿಗೆ ಕೂತ ಈರುಳ್ಳಿ ಲಾರಿಯ ಮಲಯಾಳಿ ಡ್ರೈವರು ಮೆಚ್ಚಿ, 'ನಲ್ಲ ವಿಶಪ್ಪಾಣಲ್ಲೋ', ಒಳ್ಳೇ ಹಸಿವೇ, ಎಂದು ನಕ್ಕ. ಬೆಟ್ಟಯ್ಯ ತನಗೆ ಬಾರದ ಮಲಯಾಳದಲ್ಲಿ ಅವನಿಗೆ ಮಗಳ ಡಿ.ಎಡ್. ಸೀಟಿನ ಸಮಾಚಾರವನ್ನೆಲ್ಲ ಹೇಳಿದ. ಹೇಳಿ ಕೈತೊಳೆಯುವಾಗ ಜೇಬಿನ ಪೊಟ್ಟಣ ನೆನಪಾಗಿ ತೆಗೆದು ನೋಡಿದರೆ ಸೆಟ್ಟುಗಳು ಮುಗಿಯುತ್ತ ಬಂದಿದ್ದವು. ಇಂಥ ದಿನ ಅದು ಮುಗಿಯುವುದೆಂದರೇನು! ಬೋರ್ಡು ಕಂಡ ಮೊದಲ ಕ್ಲಿನಿಕ್ಕಿಗೆ ನುಗ್ಗಿದ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಪೊಟ್ಟಣ ಬಿಡಿಸಿ, ಬಿಳಿ ಗುಳಿಗೆಯನ್ನು ಬೆರಳಲ್ಲಿ ಹೊರಳಿಸಿ, ಅವನ ಕೆನ್ನೆ ನೋಡಿದಳು. 'ಎಷ್ಟು ದಿನದಿಂದ ತಗೋತಿದೀರಾ?' ಅವನು ಹೇಳಿದ. 'ನಿದ್ದೆ?' ಬೇಕಾಗೇ ಇಲ್ಲ ತಾಯಿ ಎಂದು ಹೆಮ್ಮೆಯಿಂದ ಹೇಳಿದ. 'ಹಸಿವು ಜಾಸ್ತಿ? ಮಾತು ಜಾಸ್ತಿ? ಏನು ಬೇಕಾದ್ರೂ ಮಾಡಿಬಿಡ್ತೀನಿ ಅನ್ನಿಸುತ್ತಾ?' ತನ್ನ ಮನಸ್ಸಿನ ಪೆಟ್ಟಿಗೆಯ ಬೀಗದಕೈ ಇವಳ ಹತ್ತಿರ ಹೇಗೆ ಬಂತು? ಹೂಂ ಎಂದ. ಅವಳು ಅವನ ರಕ್ತದೊತ್ತಡ ನೋಡಿ ತುಟಿ ಕಚ್ಚಿದಳು. 'ಇದು ಬರೀ ನೋವಿನ ಮಾತ್ರೆ ಅಲ್ಲ, ಸ್ಟಿರಾಯ್ಡು. ಬೆಳಿಗ್ಗೆ ಎದ್ದೇಳು ಅಂತ ನಮ್ಮ ಮೈಯೇ ಒಂದು ರಸ ಮಾಡ್ಕೊಳ್ಳುತ್ತೆ, ಇದು ಅಂಥದ್ದೇ, ಆದ್ರೆ ನೀವು ಹೊರಗಿಂದ ಎಷ್ಟೋ ಪಟ್ಟು ಜಾಸ್ತಿ ಸುರೀತಿದೀರಾ. ಕೀಲಿನ ಊತ ಇಳಿಸುತ್ತೆ ನಿಜ. ಮುಖ ಊದಿಸುತ್ತೆ, ಬಿಪಿ, ಶುಗರು ಏರಿಸುತ್ತೆ. ತಲೆಗೂ ಹೋಗುತ್ತೆ. ಕೆಲವರು ಸುಮ್ಮಸುಮ್ಮನೆ ಅಳ್ತಾರೆ, ಕೆಲವರು ನಿಮ್ಮ ಹಾಗೆ ಕುದುರೆ ಏರ್ತಾರೆ.' ಹಾಗಾದರೆ ಈಗಲೇ ಬಿಟ್ಟೆ ಎಂದು ಅವನು ಪೊಟ್ಟಣ ಮುದುರಿದ. 'ಅಯ್ಯೋ, ಬಿಟ್ಟೀರಿ! ಮೈ ತನ್ನದನ್ನು ಮಾಡ್ಕೊಳ್ಳೋದೇ ಮರೆತಿರುತ್ತೆ, ತಟ್ಟನೆ ನಿಲ್ಲಿಸಿದ್ರೆ ಬಿದ್ದುಹೋಗ್ತೀರಾ. ನಾಳೆಯಿಂದ ಈ ಬಿಳೀದು ಎರಡರ ಬದಲು ಒಂದೂವರೆ. ಬೆಳಿಗ್ಗೆ ತಿಂಡಿ ತಿಂದ ಮೇಲೆ. ಮುಂದಿನ ವಾರ ಬನ್ನಿ, ಇನ್ನೂ ಇಳಿಸೋಣ. ಇಳಿಸುವಾಗ ನೋವು ಸ್ವಲ್ಪ ಬರುತ್ತೆ, ಮನಸ್ಸೂ ಸ್ವಲ್ಪ ಕುಸಿಯುತ್ತೆ, ಹೆದರಬೇಡಿ.'

ಹೊರಗೆ ಬಂದು ಬೇಗೂರಿನ ಬಸ್ಸಿಗೆ ನಿಂತವನ ಕಿವಿಯಲ್ಲಿ ಕುದುರೆ ಓಡುತ್ತಿತ್ತು. ಹಾಗಾದರೆ ಮೀಟರಿನ ಮುಂದೆ ಮಾತಾಡಿದವನು ಯಾರು? ಮಗಳ ತಲೆಯ ಮೇಲೆ ಆಣೆಯಿಟ್ಟ ಕೈ ಯಾರದ್ದು? ಹೆಂಡತಿಗೆ ಹೇಳಿದ ಆ ಕತೆಗಳನ್ನೂ ಆ ಪುಟಾಣಿ ಬಿಳಿಯದೇ ಹೇಳಿತೇ? ಜೀವಮಾನವೆಲ್ಲ ಹುಡುಕಿದ ಗಂಡಸು ಕೊನೆಗೂ ಸಿಕ್ಕಿದ ಎಂದುಕೊಂಡರೆ ಅವನು ಪೇಪರಿನ ಚೂರಿನಲ್ಲಿ ಕಟ್ಟಿಸಿಕೊಂಡು ಬಂದವನು, ಇಳಿಸಿದರೆ ಇಳಿದುಹೋಗುವವನು. ಅಳು ಬರಬೇಕಿತ್ತು. ಬರಲಿಲ್ಲ. ದುಃಖಪಡುವುದಕ್ಕೂ ಆ ಗುಳಿಗೆ ಬಿಡಲೊಲ್ಲದು! ಯೋಚನೆ ಕೆಳಕ್ಕೆ ಇಳಿದಷ್ಟೂ ಅದು ತಳದಿಂದ ಎತ್ತಿ ಎತ್ತಿ ಮೇಲಕ್ಕೆ ಹಾಕುತ್ತಿತ್ತು. ಇರಲಿ, ಯಾರ ಧೈರ್ಯವಾದರೇನು, ಮಗಳ ಕೆಲಸ ಆಗಬೇಕು. ಎರವಲು ಎತ್ತಿನಲ್ಲಿ ಉತ್ತರೆ ಹೊಲ ಬೆಳೆಯುವುದಿಲ್ಲವೇ? ಇಳಿಯುವುದು ನಾಳೆಯಿಂದ ತಾನೇ, ಇವತ್ತು ಇನ್ನೂ ಏರಿಯೇ ಇದೆಯಲ್ಲ. ಬಸ್ಸು ಬಂದಾಗ ಮತ್ತೆ ಒಂದೇ ನೆಗೆತಕ್ಕೆ ಹತ್ತಿದ.

ಅಕ್ಕ ಸೋಮಮ್ಮ ಜಗುಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದಳು. ಭಾವ ನಂಜಯ್ಯನೂ ಮಂಟೇಸ್ವಾಮಿಯೂ ಈರುಳ್ಳಿ ಹಾಕಿಕೊಂಡು ಮೈಸೂರಿಗೆ ಹೋಗಿದ್ದರು. ಬಾಗಿನ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ ಅಕ್ಕನಿಗೂ ಅದೇ ಜ್ವರ ಬಂದಿತ್ತು, ಅವಳ ಕೈಬೆರಳುಗಳೂ ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ. ಅವಳು ನೀರಿನ ಚೊಂಬು ಕೊಡುವ ಮೊದಲೇ ಬೆಟ್ಟಯ್ಯ ನಿಂತೇ ಶುರುಮಾಡಿದ. 'ಅಕ್ಕ, ಒಂದ್ ಮಾತು. ಮಗೀನ ನಿನ್ ಮಗನ್ಗೆ ಕೊಡಕಾಗಲ್ಲ. ಅವ್ಳು ಓದ್ತಾಳ. ತೊಟ್ಲಲ್ಲಿ ಅಂದ್ ಮಾತು ತೊಟ್ಲಿಗೇ ಆಯ್ತು. ಯಾರ್ ಏನಾರ ಅನ್ಲಿ, ನಾನು ಅವ್ಳ ಅಪ್ಪ, ನಾನು ಯೋಳ್ತಾವ್ನಿ.' ಬೀದಿಗೇ ಕೇಳುವ ದನಿ. ಹೇಳುತ್ತಿದ್ದಂತೆ ತನ್ನ ದನಿಯನ್ನು ತಾನೇ ಕೇಳಿ ರೋಮಾಂಚನವಾಯಿತು. ಮುಗಿಯಿತು, ಇಷ್ಟು ವರ್ಷ ನುಂಗಿದ್ದನ್ನು ಕಕ್ಕಿಯೇಬಿಟ್ಟೆ! ಅಕ್ಕ ಮೊರ ಕೆಳಗಿಟ್ಟು ಅವನನ್ನೇ ನೋಡಿದಳು. ಅಳುತ್ತಾಳೆ, ಇಲ್ಲ ಬಾಗಿನ ಎತ್ತಿ ಬೀದಿಗೆ ಎಸೆಯುತ್ತಾಳೆ ಎಂದು ಕಾದ. ಅವಳು ಎದ್ದು ಬಂದು ಗದ್ದ ಹಿಡಿದು ಅವನ ಮುಖವನ್ನು ಬೆಳಕಿಗೆ ತಿರುಗಿಸಿದಳು.

'ಬಿಳೀದು ಎಷ್ಟ್ಲಾ ನುಂಗ್ತಿದ್ದೀ?'

'ಏನಕ್ಕ?'

'ನನ್ಗೇ ಯೋಳ್ತಿಯಾ? ಆ ಗುಳಿಗ ನಾನೂ ನುಂಗಿನಿ ಕನ್ಲಾ. ಮೂತಿ ಇಂಗೇ ಕುಂಬ್ಳಕಾಯಿ ಆಗಿತ್ತು. ಆ ಅಮಲ್ನಲ್ಲಿ ಏನ್ ಮಾಡ್ದೆ ಗೊತ್ತಾ? ಕೊಟ್ಗೇಲಿದ್ದ ಪಡ್ಡೆ ಹಸವ ಬೀದೀಲ್ ಓಗ್ತಿದ್ದ ಮಲ್ಲಮ್ಮನ ಕರ್ದು, ತಕ ಕನವ್ವ, ನಿನ್ ಮೊಮ್ಮಕ್ಳು ಹಾಲು ಕುಡ್ಕಳ್ಲಿ ಅಂತ ಕೊಟ್ಬುಟ್ಟೆ. ಆಗ ಏನ್ ಕುಸಿ ನಂಗೆ! ಗುಳಿಗ ಇಳಿಸ್ದ ಮ್ಯಾಲೆ ಖಾಲಿ ಗೂಟ ನೋಡ್ಕಂಡು ಅತ್ತೆ. ಕೇಳಕ್ಕೋದ್ರ ಮಾನ ಓಯ್ತದ, ಸುಮ್ಕಿದ್ರ ಪಡ್ಡೆ ಓಯ್ತದ.' ಅವಳು ಗದ್ದ ಬಿಟ್ಟಳು. 'ಈಗ ನೀನ್ ಆಡಿದ್ ಮಾತು ನಾ ಲೆಕ್ಕಕ್ಕಿಟ್ಕಳಲ್ಲ. ಗುಳಿಗ ಆಡಿದ್ದು ಅದು. ನಾಳ ಬೆಳ್ಗೆ, ಗುಳಿಗ ನುಂಗಕೂ ಮುಂಚ ಯೋಳು. ಆಗ ನನ್ ತಮ್ಮ ಯೋಳ್ದ ಅನ್ಕತೀನಿ.'

ಅವನಿಗೆ ಸಿಟ್ಟು ಬಂತು, ನಗು ಬಂತು, ವಾದ ಮಾಡಿದ, ಜಗುಲಿಯ ಮೇಲೆ ಅತ್ತಿಂದಿತ್ತ ನಡೆದ. ಅಕ್ಕ ಹೂಂ ಹೂಂ ಎನ್ನುತ್ತ ಹುರುಳಿ ಕೇರಿದಳು. ಬೇಕಂತಲೇ ನೆವ ಹೇಳುತ್ತಿದ್ದಾಳೆಯೇ ಎಂದುಕೊಂಡ. ಪಡ್ಡೆ ಕಟ್ಟುತ್ತಿದ್ದ ಗೂಟ ಮಾತ್ರ ನಿಜವಾಗಿಯೂ ಖಾಲಿಯಿತ್ತು. ಊಟ ಮಾಡಿ ಮಲಗಿದರೂ ನಿದ್ದೆ ಬರಲಿಲ್ಲ. ನಾಳೆ ಇದಕ್ಕಿಂತ ಜೋರಾಗಿ, ಇದಕ್ಕಿಂತ ಚೆಂದವಾಗಿ ಹೇಳುತ್ತೇನೆ ಎಂದು ಮಾತು ಜೋಡಿಸುತ್ತಲೇ ಇದ್ದ.

ಬೆಳಗ್ಗೆ ಕಣ್ಣುಬಿಟ್ಟಾಗ ಜೋಡಿಸಿದ ಮಾತುಗಳಲ್ಲಿ ಒಂದೂ ಇರಲಿಲ್ಲ. ಮೈ ಚಾಪೆಗೆ ಹೊಲಿದಂತಿತ್ತು. ಬೆಳಗಿನ ಈ ಹೊತ್ತು ಅವನಿಗೆ ಗೊತ್ತಿಲ್ಲದ್ದಲ್ಲ. ದಿನಾ ಎದ್ದ ಕೂಡಲೆ ಏನೋ ಒಂದಿಷ್ಟು ಬಾಯಿಗೆ ಹಾಕಿ ಗುಳಿಗೆ ನುಂಗಿ, ಈ ಹೊತ್ತನ್ನು ನೋಡದವನ ಹಾಗೆ ದಾಟಿಬಿಡುತ್ತಿದ್ದ. ಇವತ್ತು ಪೂರ್ತಿ ನೋಡಬೇಕಾಯಿತು. ಮುಷ್ಟಿ ಬಿಗಿಯುತ್ತಿಲ್ಲ, ಮಂಡಿ ತನ್ನದಲ್ಲ. ಗೋಡೆ ಹಿಡಿದು, ಹಿಂದಕ್ಕೆ ಮುಂದಕ್ಕೆ ತೂಗಿ, ಕೊನೆಗೆ ಅಕ್ಕ ಬಂದು ಸೊಂಟಕ್ಕೆ ಕೈಕೊಟ್ಟು ಎತ್ತಿ ಒಲೆಯ ಹತ್ತಿರ ಕೂರಿಸಿದಳು. ಬಸ್ಸಿನ ಹೆಂಗಸಿನ ಕೈ ನೆನಪಾಯಿತು. ಅಗೋ, ಹಳೆಯ ಬೆಟ್ಟಯ್ಯ ಬಂದು ಪಕ್ಕದಲ್ಲಿ ಕೂತ: ಆಯ್ತು ಬುಡಿ ಬೆಟ್ಟಯ್ಯ. ಅಕ್ಕನ ತಲೆ ಇಷ್ಟು ಬೆಳ್ಳಗಾದದ್ದು ಯಾವಾಗ? ಅವ್ವ ಸತ್ತ ಮೇಲೆ ತನ್ನನ್ನು ಕಂಕುಳಲ್ಲಿ ಹೊತ್ತು ಬಾವಿಗೆ ಹೋಗುತ್ತಿದ್ದಳು, ಒಂದು ಕಡೆ ಕೊಡ, ಒಂದು ಕಡೆ ತಾನು. ಹಾಗೆ ಹೊತ್ತವಳಿಗೆ ಹೇಳುವ ಮಾತೇ ಇದು? ಅವಳು ಓದಿ ಏನಾಗಬೇಕು, ಮಂಟೇಸ್ವಾಮಿ ಕೆಟ್ಟವನೇನಲ್ಲ, ಕುಡಿಯುವುದಿಲ್ಲ, ಮಗಳೂ ನಾಲ್ಕು ದಿನ ಅತ್ತು ಹೊಂದಿಕೊಳ್ಳುತ್ತಾಳೆ. ಎಲ್ಲರೂ ಹೊಂದಿಕೊಂಡಿಲ್ಲವೇ. ಅಕ್ಕ ರೊಟ್ಟಿಯ ತಟ್ಟೆ ಮುಂದಿಟ್ಟು, ಗುಳಿಗೆಯ ಪೊಟ್ಟಣವನ್ನು ತನ್ನ ಮಡಿಲಲ್ಲಿಟ್ಟುಕೊಂಡು ಎದುರಿಗೆ ಕೂತಳು.

'ಈಗ ಯೋಳ್ಲಾ ಬೆಟ್ಟ.'

ಹೊಗೆಗೆ ಕಣ್ಣಲ್ಲಿ ನೀರು ಬಂತು. 'ಆಯ್ತು...' ಎಂದು ಬಾಯಿ ತಾನಾಗಿಯೇ ತೆರೆಯಿತು. 'ಬುಡಕ್ಕ' ಎಂಬುದು ನಾಲಿಗೆಯ ತುದಿಗೆ ಬಂದು ಕೂತಿತ್ತು, ಎಷ್ಟು ಹಗುರ ಅದು, ಉಸಿರು ಬಿಟ್ಟರೆ ಸಾಕು. ಅಷ್ಟರಲ್ಲಿ ಆ ದನಿ ಕೇಳಿಸಿತು, ಓದ್ಸಲೂ ಇಂಗೇ ಅಂದಿದ್ದೆ ಕನಪ್ಪ. ಅವನು ಉಸಿರನ್ನು ಹಿಡಿದುಕೊಂಡ. ಎದೆಯಲ್ಲಿ ಕುದುರೆ ಇರಲಿಲ್ಲ, ಏನೂ ಇರಲಿಲ್ಲ. ಅಕ್ಕನ ಮುಖ ನೋಡಲಾಗದೆ ರೊಟ್ಟಿಯನ್ನು ನೋಡುತ್ತ ಏನೋ ಅಂದ. ಅವನಿಗೇ ಕೇಳಿಸಲಿಲ್ಲ.

'ಏನು?'

'ಮಗೀಗೆ ಇಷ್ಟ ಇಲ್ಲ ಕಣಕ್ಕ. ಕೊಡಕ್ಕಾಗಲ್ಲ ಕಣಕ್ಕ.'

ಒಲೆಯಲ್ಲಿ ಸೌದೆ ಚಟಚಟ ಅಂದಿತು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಅವನು ತಲೆ ತಗ್ಗಿಸಿ ಕೂತೇ ಇದ್ದ. ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವಷ್ಟೂ ಶಕ್ತಿ ಅವನಲ್ಲಿರಲಿಲ್ಲ. ಕೊನೆಗೆ ಅವಳು ತನ್ನ ಸೊಟ್ಟ ಬೆರಳುಗಳಿಂದ ರೊಟ್ಟಿ ಮುರಿದು, ಹುಚ್ಚೆಳ್ಳು ಚಟ್ನಿಗೆ ಅದ್ದಿ ಅವನ ಬಾಯಿಗಿಟ್ಟಳು. ಒಂದು ತುತ್ತು, ಇನ್ನೊಂದು ತುತ್ತು. ಬೆರಳು ಬಿಗಿಯಲಾರದ ತಮ್ಮನಿಗೆ ಬೆರಳು ನೆಟ್ಟಗಿಲ್ಲದ ಅಕ್ಕ ಪೂರ್ತಿ ರೊಟ್ಟಿ ತಿನ್ನಿಸಿದಳು.

'ನೆನ್ನ ಕೂಗಾಡ್ದಲ್ಲ, ಅದೇನೂ ನಂಗೆ ನೋಯ್ನಿಲ್ಲ. ಈಗ ನೊಂತು ಕನ್ಲಾ' ಎಂದಳು. ಆಮೇಲೆ ಪೊಟ್ಟಣ ಬಿಚ್ಚಿದಳು. ಒಂದೂವರೆ ಎಂದು ಅವನು ಸನ್ನೆ ಮಾಡಿದ. ಹಲ್ಲಿನಿಂದ ಒಂದನ್ನು ಮುರಿದು, ಒಂದೂವರೆಯನ್ನು ಅವನ ನಾಲಿಗೆಯ ಮೇಲಿಟ್ಟಳು. 'ಭಾವನ್ಗೂ ಉಡುಗನ್ಗೂ ನಾ ಯೋಳ್ಕತೀನಿ. ನೀನು ಬಿರ್ನೆ ಊರಿಗೋಗು. ಮಗೀಗೆ ಯೋಳು. ನಿಮ್ಮತ್ತ ಏನೂ ಅನ್ನಿಲ್ಲ ಅಂತ ಮಾತ್ರ ಯೋಳ್‌ಬ್ಯಾಡ. ನಿಮ್ಮತ್ತ ಅತ್ಲು ಅಂತ ಯೋಳು. ಅತ್ಬುಟ್ಟು, ಓದ್ಲಿ ಅಂದ್ಲು ಅಂತ ಯೋಳು.'

ಅವಳು ನೀರಿಗೆ ಎದ್ದು ಒಳಗೆ ಹೋದಳು. ಬಿಸಿಲು ಹೊಸ್ತಿಲು ದಾಟಿ ಒಲೆಯವರೆಗೆ ಬಂದಿತ್ತು, ಹೆದ್ದಾರಿಯಲ್ಲಿ ಗುಂಡ್ಲುಪೇಟೆ ಕಡೆಯ ಬಸ್ಸು ಹಾರನ್ ಹೊಡೆಯಿತು. ಗುಳಿಗೆ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ನಾಲಿಗೆಯ ಮೇಲೆ ಕಹಿಯಾಗಿ ಕೂತಿತ್ತು. ಬೆಟ್ಟಯ್ಯನ ಎದೆ ಆಗಲೇ ಡವಡವ ಹೊಡೆದುಕೊಳ್ಳುತ್ತಿತ್ತು.